ಎಂಟು ಮನೆಯ ಅಕ್ಷರಗಳು

ಕಳೆದ ವಾರ ಮುಂಬಯಿ ಫೋರ್ಟಿನ ನಮ್ಮ ಆಫೀಸಿಗೆ ಒಂದು ಫ್ಯಾಕ್ಸ್ ಮಷೀನು ಬಂತು. ಹಡಗಿನಲ್ಲಿ ಬಂದ ಸಾಮಾನು ಬಿಡಿಸಿಕೊಡುವ ಕಂಪನಿ ನಮ್ಮದು. ಸಾಮಾನು ತಿಂಗಳುಗಟ್ಟಲೆ ಬಂದರಿನಲ್ಲೇ ಬಿದ್ದಿರುತ್ತದೆ, ಅದು ಬಿದ್ದಿದೆ ಎಂಬ ಸುದ್ದಿಯಾದರೂ ಬೇಗ ತಲುಪಲಿ ಎಂದು ಸಾಹೇಬರ ಆಸೆ. ಮಷೀನಿಗೆ ಹಾರ ಹಾಕಿ, ಕುಂಕುಮ ಹಚ್ಚಿ, ಒಡೆದ ತೆಂಗಿನಕಾಯಿಯ ನೀರು ಸಿಡಿಯದ ಹಾಗೆ ಪ್ಯೂನು ಛತ್ರಿ ಅಡ್ಡ ಹಿಡಿದ ಮೇಲೆ ಸಾಹೇಬರು ಗುಂಡಿ ಒತ್ತಿದರು. ಅದು ಮೊದಲು ಕುಂಯ್ ಎಂದಿತು, ಆಮೇಲೆ ಕಿರ್ರೆಂದಿತು, ಕೊನೆಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಬೆಕ್ಕಿನ ಹಾಗೆ ಗೊರಗೊರ ಎಂದಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ನಾನು ಮಾತ್ರ ಬಾಯಿ ತೆರೆದೆ. ಅದೇ ಸ್ವರವನ್ನು ಅದೇ ಶ್ರುತಿಯಲ್ಲಿ ವಾಪಸು ಕೊಟ್ಟೆ.

"ಅರೇ, ದೂಸ್ರಾ ಮಷೀನ್ ಕಿಧರ್ ಹೈ?" ಎಂದು ಸಾಹೇಬರು ಮೇಜಿನ ಕೆಳಗೆ ಬಗ್ಗಿ ನೋಡಿದರು.

ಆ ಕೂಗನ್ನು ನಾನು ಕಲಿತದ್ದು ಎಂಟನೆಯ ಕ್ಲಾಸಿನಲ್ಲಿ, ನಮ್ಮ ಲೆಕ್ಕದ ಟೀಚರ ಕಂಪ್ಯೂಟರಿನ ಬಾಯಿಂದ...

ಗ್ರಾಂಟ್ ರೋಡಿನ ಹತ್ತಿರದ ಕನ್ನಡ ಶಾಲೆ ನಮ್ಮದು. ಒಂದೇ ಬಿಲ್ಡಿಂಗು; ಕೆಳಗಿನ ಮಾಳಿಗೆಯಲ್ಲಿ ಕನ್ನಡ ಮೀಡಿಯಂ, ಮೇಲಿನ ಮಾಳಿಗೆಯಲ್ಲಿ ಅದೇ ಸಂಸ್ಥೆಯವರು ಹೊಸದಾಗಿ ತೆರೆದ ಇಂಗ್ಲಿಷ್ ಮೀಡಿಯಂ. ಮೇಲಿನವರಿಗೆ ಟೈ ಇತ್ತು. ನಮಗೆ ಅವರು ಮೇಲಿಂದ ಬಿಸಾಡುವ ಸೀಮೆಸುಣ್ಣದ ತುಂಡುಗಳಿದ್ದವು. ಟೀಚರು ಧಾರವಾಡದ ಕಡೆಯವರು, ಮದುವೆಯಾಗಿ ಪರೇಲಿನ ಚಾಳಿನ ಒಂದು ಕೋಣೆಗೆ ಬಂದವರು. ಲೆಕ್ಕ ಹೇಳಿಕೊಡುವುದು, ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಮಕ್ಕಳಿಗೆ ಡ್ಯಾನ್ಸ್ ಕಲಿಸುವುದು, ಶಾಲೆಗಿದ್ದ ಒಂದೇ ಟೇಪ್‌ರೆಕಾರ್ಡರಿನ ಆರೈಕೆ, ಎಲ್ಲವೂ ಅವರದೇ. ಹೀಗಾಗಿ ಯಾರೋ ಪುಣ್ಯಾತ್ಮರು ಶಾಲೆಗೆ ಕಂಪ್ಯೂಟರು ದಾನ ಕೊಟ್ಟಾಗ ಅದೂ ಅವರ ಮಡಿಲಿಗೇ ಬಿತ್ತು. ಕರೆಂಟಿನಿಂದ ನಡೆಯುವುದೆಲ್ಲ ಅವರದು ಎಂದು ಶಾಲೆ ಹೇಗೋ ತೀರ್ಮಾನಿಸಿತ್ತು.

ಕಂಪ್ಯೂಟರು ಎಂದರೆ ಬರೀ ಕೀಲಿಮಣೆ. ಅದನ್ನು ಟಿವಿಗೆ ಸಿಕ್ಕಿಸಿದರೆ ಅಕ್ಷರ ಕಾಣುತ್ತಿತ್ತು. ಟಿವಿ ಮಾತ್ರ ಹೆಡ್‌ಮಾಸ್ತರರ ಮನೆಯದು, ಕ್ರಿಕೆಟ್ ಮ್ಯಾಚ್ ಇದ್ದ ದಿನ ನಮಗೆ ಕಂಪ್ಯೂಟರ್ ಇರುತ್ತಿರಲಿಲ್ಲ. ಹಾಗಾಗಿ ಟೀಚರು ಪ್ರೋಗ್ರಾಮುಗಳನ್ನು ಕರಿಹಲಗೆಯ ಮೇಲೇ ಬರೆಸುತ್ತಿದ್ದರು. ಪ್ರತಿ ಸಾಲಿಗೂ ಒಂದು ನಂಬರು: ಹತ್ತು, ಇಪ್ಪತ್ತು, ಮೂವತ್ತು. ಹಿಂದಿನ ಸಾಲಿಗೆ ಮರಳಬೇಕಾದರೆ ಗೋ ಟು ಎಂದು ಅದರ ನಂಬರು. ಹತ್ತರ ಲೆಕ್ಕದಲ್ಲೇ ಯಾಕೆ ಎಂದರೆ, ಮರೆತದ್ದು ಆಮೇಲೆ ನೆನಪಾದರೆ ನಡುವೆ ತುರುಕಲು ಜಾಗ ಬೇಕು. ಈ ಉಪಾಯ ನನಗೆ ಎಷ್ಟು ಹಿಡಿಸಿತೆಂದರೆ ಎಲ್ಲ ಹೋಂವರ್ಕೂ ಹಾಗೇ ಬರೆಯತೊಡಗಿದೆ. ಕನ್ನಡ ಪ್ರಬಂಧದಲ್ಲಿ, "10 ಹಸುವಿಗೆ ನಾಲ್ಕು ಕಾಲುಗಳಿವೆ. 20 ಹಸು ಹಾಲು ಕೊಡುತ್ತದೆ. 15 ಹಸುವಿಗೆ ಬಾಲವೂ ಇದೆ." ಚರಿತ್ರೆಯ ಪರೀಕ್ಷೆಯಲ್ಲಿ, "10 ಅಶೋಕನು ಯುದ್ಧ ಮಾಡಿದನು. 20 ಅಶೋಕನು ಬಹಳ ದುಃಖಪಟ್ಟನು. 30 ಗೋ ಟು 10."

ಚರಿತ್ರೆ ಕಲಿಸುತ್ತಿದ್ದವರು ನಮ್ಮ ಪಿ.ಟಿ. ಸರ್. ಡ್ರಿಲ್ಲನ್ನೂ ಚರಿತ್ರೆಯನ್ನೂ ಅವರು ಒಂದೇ ದನಿಯಲ್ಲಿ ನಡೆಸುತ್ತಿದ್ದರು. ಉತ್ತರ ಓದಿ ನನ್ನನ್ನು ಗಚ್ಚಿಗೆ, ಬಿಲ್ಡಿಂಗಿನ ತಾರಸಿಗೆ, ಎಳೆದುಕೊಂಡು ಹೋದರು.

"ಶಾಣ್ಯಾ ಸಮಝತಾ ಹೈ? ಗಚ್ಚಿಗೆ ಒಂದ್ ಚಕ್ಕರ್ ಹೊಡಿ. ಆಮೇಲೆ ಗೋ ಟು ಹತ್ತು!"

ಓಡಿದೆ. ಮತ್ತೆ ಓಡಿದೆ. ಅಶೋಕನ ಸಂಕಟ ನನಗೆ ಆ ಹೊತ್ತಿನಲ್ಲಿ ಪೂರ್ತಿ ಅರ್ಥವಾಯಿತು. ಅಷ್ಟರಲ್ಲಿ ಟೀಚರು ಮೆಟ್ಟಿಲು ಹತ್ತಿ ಬಂದರು.

"ಸರ್, ನಿಮ್ಮ ಪ್ರೋಗ್ರಾಮಿನಾಗ ಮುಗಿಯೋದ ಬರದಿಲ್ಲಲ್ಲರೀ. ಹುಡುಗ ಸಾಯೂತನಕಾ ಓಡ್ತಾನ."

ಪಿ.ಟಿ. ಸರ್ ತಬ್ಬಿಬ್ಬಾದರು. ಟೀಚರು ನನ್ನ ಕಡೆ ತಿರುಗಿ, "ನಿಂದೂ ಅದ ತಪ್ಪು ನೋಡು ತಮ್ಮಾ. ಅಶೋಕಗ ಬುದ್ಧಿ ಬಂದ ಮ್ಯಾಲೆ ನಿಲ್ಲಸಬೇಕಿತ್ತಿಲ್ಲೋ?" ಎಂದರು. ಆ ವರ್ಷ ಚರಿತ್ರೆಯಲ್ಲಿ ನಾನು ಕಲಿತದ್ದು ಅದೊಂದೇ. ಅದನ್ನೂ ಕಲಿಸಿದ್ದು ಲೆಕ್ಕದ ಟೀಚರು.

ಸಂಸ್ಥೆಯ ಅಧ್ಯಕ್ಷರು ಹೋಟೆಲಿನವರು, ನಮ್ಮ ಹಾಗೇ ಕರಾವಳಿಯ ಕಡೆಯವರು. ಪ್ರತಿ ಮಾತಿಗೂ ಮೊದಲು "ಹ್ಞಾಂ..." ಎಂದು ಗಂಟಲು ಸರಿಮಾಡಿಕೊಳ್ಳುವುದು ಅವರ ಅಭ್ಯಾಸ. ಅದನ್ನು ಅವರಿಗಿಂತ ಚೆನ್ನಾಗಿ ನಾನು ಮಾಡುತ್ತಿದ್ದೆ. ಟೀಚರ ದನಿಯನ್ನಂತೂ ಅವರಿಗೆ ಕೇಳುವ ಹಾಗೇ ಮಾಡಿ ಬೈಸಿಕೊಳ್ಳುತ್ತಿದ್ದೆ. ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಅವರು ನಮ್ಮ ಕ್ಲಾಸಿಗೆ ಬಂದರು. ಟಿವಿಯಲ್ಲಿ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಕೂತಿದ್ದವು.

"ಹ್ಞಾಂ... ಟೀಚರೇ, ಈ ಡಬ್ಬಿಗೆ ಕನ್ನಡ ಬರ್ತದಾ? ಬರುದಿಲ್ಲ ಅಲ್ವಾ? ಮತ್ತೆ ನಮ್ಮ ಕನ್ನಡ ಮಕ್ಕಳಿಗೆ ಎಂತಕ್ಕೆ ಮಾರಾಯ್ರೆ? ಮೇಲಿನವರಿಗೆ ಕೊಡುವ."

"ಹುಟ್ಟಿದ ಕೂಡ್ಲೆ ಕನ್ನಡ ಯಾರಿಗೂ ಬರಂಗಿಲ್ಲರೀ. ಕಲಸಬೇಕಾಗ್ತದ."

ಅಧ್ಯಕ್ಷರು ನಕ್ಕರು. "ಆಯ್ತು. ಗ್ಯಾದರಿಂಗಿನ ದಿವಸ ತೋರಿಸಿ. ಕನ್ನಡ ಕಂಡರೆ ಇಲ್ಲೇ ಇರಲಿ. ಕಾಣದಿದ್ರೆ ಜೂನಿಗೆ ಮೇಲೆ ಹೋಗ್ತದೆ."

ಅವರು ಹೋದ ಮೇಲೆ ಟೀಚರು ಸೆರಗಿನ ತುದಿಯಿಂದ ಕೀಲಿಮಣೆ ಒರೆಸಿದರು. ಮಾರನೆಯ ದಿನ ಎಲ್ಲರಿಗೂ ಒಂದೊಂದು ಗ್ರಾಫ್ ಹಾಳೆ ಹಂಚಿದರು.

ಅಡ್ಡ ಎಂಟು ಮನೆ, ಉದ್ದ ಎಂಟು ಮನೆ. ಒಂದು ಕನ್ನಡ ಅಕ್ಷರ ಅದರೊಳಗೆ ಕೂರಬೇಕು. ಪೆನ್ಸಿಲಿನಿಂದ ತುಂಬಿದ ಪ್ರತಿ ಮನೆಗೂ ಒಂದು ಬೆಲೆ. ಬಲತುದಿಯ ಮನೆಗೆ ಒಂದು, ಪಕ್ಕದ್ದಕ್ಕೆ ಎರಡು, ಆಮೇಲೆ ನಾಲ್ಕು, ಹೀಗೆ ಇಮ್ಮಡಿಯಾಗುತ್ತ ಎಡತುದಿಗೆ ನೂರಿಪ್ಪತ್ತೆಂಟು. ಸಾಲಿಗೊಂದು ಮೊತ್ತ, ಎಂಟು ಮೊತ್ತ ಸೇರಿದರೆ ಒಂದು ಅಕ್ಷರ. ಆ ಎಂಟು ಸಂಖ್ಯೆ ಹೇಳಿಕೊಟ್ಟರೆ ಕಂಪ್ಯೂಟರು ಅಕ್ಷರವನ್ನು ಟಿವಿಯ ಮೇಲೆ ಕೂರಿಸುತ್ತದೆ. ಕ ದಿಂದ ಳ ವರೆಗೆ ತಲೆಗೊಂದು ಅಕ್ಷರ ಹಂಚಿದರು. ಯಾರಿಗೂ ಬೇಡವಾದ ಙ, ಞ ಎರಡನ್ನೂ ತಾವೇ ಇಟ್ಟುಕೊಂಡರು. ನನಗೆ ಬಂದದ್ದು ಠ.

"ನಿನಗ ಠ ಯಾಕ ಕೊಟ್ಟೆ ಗೊತ್ತದನೋ? ಕ್ಲಾಸಿನಾಗ ನಿನ್ನ ಕಣ್ಣು ಯಾವಾಗ್ಲೂ ಹಂಗ ಇರತಾವ. ದುಂಡಗ, ನಡುವ ಒಂದು ಕಿಡಿಗೇಡಿ ಚುಕ್ಕಿ."

ಠ ಸುಲಭದ್ದು. ಪಾಪ, ಕಷ್ಟಕ್ಕೆ ಸಿಕ್ಕಿದ್ದು ಮೈಸೂರಿನ ಕಡೆಯ ಬ್ಯಾಂಕ್ ಆಫೀಸರರ ಮಗಳು. ಅವಳಿಗೆ ಬಂದದ್ದು ಝ. ಎಷ್ಟು ಒತ್ತಿದರೂ ಝದ ಒಂದು ಕೈ ಪಕ್ಕದ ಮನೆಗೆ ಹೋಗುತ್ತಿತ್ತು. ಮೂರು ಹಾಳೆ ಹಾಳುಮಾಡಿ, ಮೂಗೊರೆಸಿಕೊಳ್ಳುತ್ತ ಎದ್ದು ನಿಂತಳು.

"ನಮ್ ತಂದೆ ಹೇಳಿದ್ರು ಟೀಚರ್, ಝಕ್ಕೆ ಏನಿಲ್ಲಾ ಅಂದ್ರೂ ಹತ್ತು ಮನೆ ಬೇಕಾಗತ್ತೆ ಅಂತ."

"ನಿಮ್ಮ ತಂದಿಯವರಿಗೆ ಹೇಳವಾ, ಪರೇಲಿನ ಚಾಳಿನಾಗ ಹತ್ತು ಮಂದಿ ಒಂದ ಖೋಲ್ಯಾಗ ಇರತೇವಿ. ಝ ಸ್ವಲ್ಪ ಕಾಲು ಮಡಚಿ ಕೂತರ ಹಿಡೀತದ."

ಹಿಡಿಯಿತು. ಸ್ವಲ್ಪ ಜರಡಿಯ ಹಾಗೆ ಕಾಣುತ್ತಿತ್ತು, ಆದರೆ ದೂರದಿಂದ, ಕಣ್ಣು ಕಿರಿದುಮಾಡಿ, ಅದು ಝ ಎಂದು ಮೊದಲೇ ಗೊತ್ತಿದ್ದು ನೋಡಿದರೆ ಝ. ನಾನು ಅವಳನ್ನು ಆ ವರ್ಷವಿಡೀ ಝ ಎಂದೇ ಕರೆದೆ. ಅವಳು ನನ್ನನ್ನು ಠ ಎಂದಳು.

ಅಷ್ಟಕ್ಕೇ ಬಿಡಲಿಲ್ಲ ಟೀಚರು. ಸಂಖ್ಯೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು. ಪ್ರಾರ್ಥನೆಯಾದ ಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಅಕ್ಷರದ ಮಗ್ಗಿ ರಾಗವಾಗಿ ಹೇಳಬೇಕು. "ಆರು, ಅರವತ್ತು, ಅರವತ್ತಾರು, ನೂರಿಪ್ಪತ್ತೊಂಬತ್ತು, ನೂರೈವತ್ತಮೂರು, ನೂರಿಪ್ಪತ್ತೊಂಬತ್ತು, ಅರವತ್ತಾರು, ಅರವತ್ತು." ಇದು ಠ. ನಾನು ಮನೆಯಲ್ಲೂ ಇದನ್ನೇ ಗುಣುಗುಣಿಸುತ್ತಿದ್ದರೆ, ಕ್ಯಾಂಟೀನಿನ ಗಲ್ಲಾದಲ್ಲಿ ಕೂತು ಮನೆಗೆ ಬಂದ ಅಪ್ಪ, "ಎಂತದಾ ಅದು, ಯಾವ ಟೇಬಲಿನ ಬಿಲ್ಲು?" ಎಂದು ಕೇಳುತ್ತಿದ್ದರು.

ಈಗ ಆ ಕೂಗಿನ ವಿಷಯ. ಆ ಕಂಪ್ಯೂಟರಿಗೆ ನೆನಪಿನ ಶಕ್ತಿ ಇರಲಿಲ್ಲ. ಸ್ವಿಚ್ ಆರಿಸಿದರೆ ಎಲ್ಲ ಮಾಯ. ಅದಕ್ಕೆ ಮಾಡಿದ ಕೆಲಸವನ್ನು ಟೇಪ್‌ರೆಕಾರ್ಡರಿನಲ್ಲಿ, ಹಾಡಿನ ಕ್ಯಾಸೆಟ್ಟಿನಲ್ಲಿ, ಹಾಡಿನ ಹಾಗೇ ಮುದ್ರಿಸಿಡಬೇಕು. ಮತ್ತೆ ಬೇಕಾದಾಗ ಅದನ್ನು ಕಂಪ್ಯೂಟರಿಗೆ ಕೇಳಿಸಬೇಕು. ನಾವು ಕೇಳಿದರೆ ಅದು ಬರೀ ಕಿರುಚಾಟ. ಕಂಪ್ಯೂಟರಿಗೆ ಅದೇ ಸಂಗೀತ. ಹೊಸ ಕ್ಯಾಸೆಟ್ಟಿಗೆ ಶಾಲೆಯಲ್ಲಿ ದುಡ್ಡು ಕೇಳುವುದು ಟೀಚರ ಜಾಯಮಾನವಲ್ಲ. ಪುಟ್ಟ ಮಕ್ಕಳ ಸ್ವಾಗತ ನೃತ್ಯದ ಕ್ಯಾಸೆಟ್ಟಿನ ಹಿಂದಿನ ಮಗ್ಗುಲು ಖಾಲಿಯಿತ್ತು. ನಮ್ಮ ಕಖಗಘ ಪೂರ್ತಿ ಅಲ್ಲೇ ಮಲಗಿತು. ಒಂದು ಮಗ್ಗುಲಿಗೆ ಸ್ವಾಗತ, ಇನ್ನೊಂದು ಮಗ್ಗುಲಿಗೆ ಕಿರುಚಾಟ. ಹೋಟೆಲಿನವರ ಮಕ್ಕಳಾದ ನಮಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಮಸಾಲೆದೋಸೆಯ ಕಲ್ಲಿನ ಮೇಲೇ ಆಮ್ಲೆಟ್ ಮಾಡುವ ಜಾಣರನ್ನು ನಾವು ಕಂಡಿದ್ದೆವು.

ಗ್ಯಾದರಿಂಗು ಪರೇಲಿನ ಒಂದು ಮದುವೆ ಹಾಲಿನಲ್ಲಿ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಅವರ ಅಕ್ಕಪಕ್ಕ ಕಮಿಟಿಯವರು. ಹಿಂದೆ ಅಪ್ಪ-ಅಮ್ಮಂದಿರು. ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಟಿವಿ, ಕಂಪ್ಯೂಟರು. ಟೀಚರು ಪುಟ್ಟ ಹುಡುಗಿಯರಿಗೆ ಲಿಪ್‌ಸ್ಟಿಕ್ ಹಚ್ಚುತ್ತಿದ್ದುದರಿಂದ ಟೇಪ್‌ರೆಕಾರ್ಡರು ಪಿ.ಟಿ. ಸರ್ ಕೈಗೆ ಹೋಯಿತು. ಪರದೆ ಸರಿಯಿತು. ಆರತಿ ತಟ್ಟೆ ಹಿಡಿದ ಹುಡುಗಿಯರು ನಗುತ್ತ ನಿಂತರು. ಪಿ.ಟಿ. ಸರ್ ಗುಂಡಿ ಒತ್ತಿದರು.

ಹಾಲಿನ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಕನ್ನಡ ವರ್ಣಮಾಲೆ ಏಕಕಂಠದಲ್ಲಿ ಕಿರುಚಿತು.

ಪಾಪ, ಹುಡುಗಿಯರಿಗೆ ಟೀಚರು ಹೇಳಿದ್ದು ಒಂದೇ ಮಾತು: "ಸದ್ದು ಸುರು ಆದ ಕೂಡ್ಲೆ ಕುಣೀಬೇಕು, ನಡುವ ನಿಲ್ಲಬಾರದು." ಅವರು ಕುಣಿದರು. ಕಿರ್ ಎಂದರೆ ಬಲಗಾಲು, ಗೊರ್ ಎಂದರೆ ಎಡಗಾಲು. ಮುಖದ ಮೇಲಿನ ನಗು ಒಂದಿಷ್ಟೂ ಕದಲಲಿಲ್ಲ. ಜನ ಮೈಕಿನವನನ್ನು ಬೈದರು. ಮೈಕಿನವ ದೇವರಾಣೆ ಹಾಕಿದ. ಪಿ.ಟಿ. ಸರ್ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿದರು. ಅದರಲ್ಲಿ ಕೆಂಪು ಗುಂಡಿಯೂ ಇತ್ತು, ಹೊಸದಾಗಿ ಮುದ್ರಿಸುವ ಗುಂಡಿ. ಕೊನೆಗೆ ಟೀಚರೇ ಲಿಪ್‌ಸ್ಟಿಕ್ ಕೈಯಲ್ಲಿ ಹಿಡಿದು ಓಡಿಬಂದು ಕ್ಯಾಸೆಟ್ ತಿರುಗಿಸಿ ಹಾಕಿದರು. ನೃತ್ಯ ಮತ್ತೆ ಮೊದಲಿಂದ ಆಯಿತು. ಮೊದಲನೆಯದೇ ಚೆನ್ನಾಗಿತ್ತು ಎಂದು ನನ್ನ ಅಭಿಪ್ರಾಯ.

ನೃತ್ಯ ಮುಗಿದು ನಾಟಕ ನಡೆಯುತ್ತಿರುವಾಗ ಟೀಚರು ಪರದೆಯ ಮರೆಯಲ್ಲಿ ಹಿಂದಿನ ಮಗ್ಗುಲನ್ನು ಕಂಪ್ಯೂಟರಿಗೆ ಕೇಳಿಸಿದರು. ಟಿವಿಯ ಮೇಲೆ ಗೆರೆಗಳು ಓಡಿದವು, ನಡುವೆ ನಿಂತುಬಿಟ್ಟವು. ಮತ್ತೆ ಕೇಳಿಸಿದರು, ಮತ್ತೆ ನಿಂತವು. ಏನಾಗಿದೆ ಎಂದು ನಾವೆಲ್ಲ ಕಿವಿಗೊಟ್ಟೆವು. ಕಿರ್ರ್... ಗೊರ್ರ್... ಆಮೇಲೆ ಸ್ಪಷ್ಟವಾಗಿ ಪಿ.ಟಿ. ಸರ್ ದನಿ: "ಅರೇ ಬಂದ್ ಕರೋ, ಬಂದ್! ಕ್ಯಾ ದಬಾಯಾ ಮೈನೆ?" ಆಮೇಲೆ ಮತ್ತೆ ಗೊರ್ರ್.

ಅವರ ದನಿ ಬಿದ್ದ ಕಡೆಯ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಪಿ.ಟಿ. ಸರ್ ಮುಖ ಕಡುಬಿನ ಹಾಗೆ ಬೆಳ್ಳಗಾಯಿತು. ಟೀಚರು ಬೈಯಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತರು. ನಾನು ಮುಂದೆ ಹೋದೆ.

"ಟೀಚರ್, ನಾನು ಕೂಗಲಾ? ನನಗೆ ಬರ್ತದೆ."

ಬೇರೆ ದಿನವಾಗಿದ್ದರೆ ಕಿವಿ ಹಿಂಡುತ್ತಿದ್ದರು. ಆ ದಿನ ಒಂದು ಗಳಿಗೆ ನನ್ನನ್ನೇ ನೋಡಿ, "ಕೂಗು, ಅದೂ ಒಂದು ಆಗಿಹೋಗ್ಲಿ" ಎಂದರು. ನಾನು ಕಣ್ಣು ಮುಚ್ಚಿ ಟೇಪ್‌ರೆಕಾರ್ಡರಿಗೆ ಬಾಯಿ ಹಚ್ಚಿ ಕೂಗಿದೆ. ಅದನ್ನು ಕಂಪ್ಯೂಟರಿಗೆ ಕೇಳಿಸಿದರು. ತಪ್ಪು ಎಂದು ಅದು ತಕ್ಷಣ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ನನ್ನ ಮಿಮಿಕ್ರಿಗೆ ಮೋಸಹೋಗದ ಮೊದಲ ಪ್ರೇಕ್ಷಕ ಅದು.

ಟೀಚರು ನಕ್ಕರು. ಯಾಕೆ ನಕ್ಕರೋ... ನಕ್ಕು ಎದ್ದು ಸೆರಗು ಸಿಕ್ಕಿಸಿಕೊಂಡರು.

"ಪ್ರೋಗ್ರಾಮು ನನ್ನ ತಲ್ಯಾಗದ. ಅಕ್ಷರ ನಿಮ್ಮ ಬಾಯಾಗವ. ಕ ದಿಂದ ಸಾಲಾಗಿ ನಿಲ್ರಿ. ಒಬ್ಬೊಬ್ಬರ ಮಗ್ಗಿ ಹೇಳ್ರಿ, ನಾ ಹೊಡೀತೀನಿ." ನನಗೆ ಮಾತ್ರ, "ನೀ ವೇದಿಕಿ ಮ್ಯಾಲೆ ಹೋಗು. ನಾಟಕ ಮುಗೀಲಿಕ್ಕೆ ಬಂತು. ಏನಾರ ಮಾಡು, ಅಧ್ಯಕ್ಷರನ್ನ ಏಳಗೊಡಬ್ಯಾಡ."

ಹೋದೆ. ದಾದರ್ ಸ್ಟೇಷನ್ನಿನ ಅನೌನ್ಸರಮ್ಮನನ್ನು ಮಾಡಿದೆ. ಅಪ್ಪನ ಕ್ಯಾಂಟೀನಿನ ಮಾಣಿ ಒಂದೇ ಉಸಿರಿಗೆ ಆರ್ಡರು ಕೂಗುವುದನ್ನು ಮಾಡಿದೆ. ಪಿ.ಟಿ. ಸರನ್ನು ಮಾಡಿದೆ, ಅವರು ಆ ಸ್ಥಿತಿಯಲ್ಲೂ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಮಗ್ಗಿ ಕೇಳುತ್ತಿತ್ತು. ಇನ್ನೂ ಘ, ಚ... ಅಧ್ಯಕ್ಷರು ಕಾಲಿನಿಂದ ಚಪ್ಪಲಿ ಹುಡುಕತೊಡಗಿದರು. ನನ್ನ ಚೀಲದಲ್ಲಿ ಉಳಿದದ್ದು ಒಂದೇ ದನಿ. ದೇವರೇ ಗತಿ ಎಂದು ಶುರು ಮಾಡಿದೆ.

"ಹ್ಞಾಂ... ಎಂತ ಮಾರಾಯ್ರೆ, ಇಷ್ಟು ಬೇಗ ಹೊರಟದ್ದಾ?"

ಎಲ್ಲರೂ ನನ್ನನ್ನಲ್ಲ, ಅಧ್ಯಕ್ಷರನ್ನು ನೋಡಿದರು. ಅವರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಹೊಟ್ಟೆ ಕುಣಿಯಿತು, ಆಮೇಲೆ ಗಹಗಹಿಸಿ ನಕ್ಕರು. ಈಗ ಅನುಮತಿ ಸಿಕ್ಕಿತೆಂದು ಇಡೀ ಸಭೆ ನಕ್ಕಿತು. ನಾನು ಮುಂದುವರಿಸಿದೆ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಟೀಚರು ಕೂಗಿದರು:

"ಠ! ಠ ಎಲ್ಲಿ ಹಾಳಾಗಿ ಹೋತು?"

ನನ್ನ ಸರದಿ! ದನಿ ಬದಲಿಸಲು ಪುರುಸೊತ್ತಿರಲಿಲ್ಲ. ಅಧ್ಯಕ್ಷರ ದನಿಯಲ್ಲೇ, ಅವರ ಗಾಂಭೀರ್ಯದಲ್ಲೇ, ಮೈಕಿನಲ್ಲಿ ಒಪ್ಪಿಸಿದೆ: "ಹ್ಞಾಂ... ಆರು, ಅರವತ್ತು, ಅರವತ್ತಾರು. ನೂರಿಪ್ಪತ್ತೊಂಬತ್ತು ಮಾರಾಯ್ರೆ, ನೂರೈವತ್ತಮೂರು..."

ಅಧ್ಯಕ್ಷರಿಗೆ ನಗು ಗಂಟಲಿಗೆ ಸಿಕ್ಕಿತು. ಕೆಮ್ಮು ಹತ್ತಿತು. ಕಣ್ಣೀರು ಸುರಿಸುತ್ತ, ನೀರು ಎಂದು ಸನ್ನೆ ಮಾಡುತ್ತ ಎದ್ದು ಹೊರಗೆ ಹೊರಟರು. ಅಧ್ಯಕ್ಷರು ಎದ್ದರೆಂದು ಕಮಿಟಿಯವರು ಎದ್ದರು. ಕಮಿಟಿಯವರು ಎದ್ದರೆಂದು, ಕಾರ್ಯಕ್ರಮ ಮುಗಿಯಿತೆಂದು ತಿಳಿದ ಪಿ.ಟಿ. ಸರ್ ನನ್ನ ಕೈಯಿಂದ ಮೈಕ್ ಕಸಿದು ವಂದನಾರ್ಪಣೆ ಶುರು ಮಾಡಿದರು. ಶಾಲೆಯ ಸಮಾರಂಭದಲ್ಲಿ ಒಮ್ಮೆ ವಂದನಾರ್ಪಣೆ ಶುರುವಾದರೆ ಅದನ್ನು ನಿಲ್ಲಿಸುವ ಶಕ್ತಿ ಮುಂಬಯಿಯಲ್ಲಿ ಯಾರಿಗೂ ಇಲ್ಲ. ರಾಷ್ಟ್ರಗೀತೆಯೂ ಆಗಿಹೋಯಿತು. ರಾಷ್ಟ್ರಗೀತೆಗೆ ನೆಟ್ಟಗೆ ನಿಂತೇ ಸ ಸಿಕ್ಕಿದ್ದ ಹುಡುಗಿ ತನ್ನ ಮಗ್ಗಿಯನ್ನು ತುಟಿಯಂಚಿನಲ್ಲಿ ಪಿಸುಗುಟ್ಟಿದ್ದಳು ಎಂದು ಆಮೇಲೆ ಗೊತ್ತಾಯಿತು.

ಹೊರಗೆ ಬಟಾಟೆ ವಡೆಯ ತಟ್ಟೆಗಳ ಸದ್ದು ಕೇಳುತ್ತಿದ್ದಾಗ ಳ ಮುಗಿಯಿತು. ಟೀಚರು ಕೊನೆಯ ಗುಂಡಿ ಒತ್ತಿದರು.

ಬಂದವು. ಕ, ಖ, ಗ... ಒಂದರ ಹಿಂದೆ ಒಂದು, ಮೂಲೆಮೂಲೆಯಾಗಿ, ಇಟ್ಟಿಗೆ ಜೋಡಿಸಿದ ಹಾಗೆ. ಹೆಡ್‌ಮಾಸ್ತರರ ಟಿವಿಯಲ್ಲಿ, ಕ್ರಿಕೆಟ್ ಬರುವ ಜಾಗದಲ್ಲಿ. ನೋಡಲು ಉಳಿದಿದ್ದವರು ನಾವು, ಇನ್ನೂ ಹೊರಡದ ನಾಲ್ಕಾರು ಅಮ್ಮಂದಿರು, ಮತ್ತು ಕುರ್ಚಿ ಮಡಚಲು ಬಂದ ಮಂಟಪದವನು. ಙ ಬಂದಾಗ ಒಬ್ಬರಮ್ಮ, "ಇದನ್ನು ಬರೆಯದೆ ಎಷ್ಟು ವರ್ಷ ಆಯ್ತಪ್ಪ!" ಎಂದರು. ಠ ನನ್ನನ್ನೇ ನೋಡಿ ಕಣ್ಣು ಬಿಟ್ಟಿತು.

"ಮೇಡಂ, ವೋ ವಾಯರ್ ಮೇರಾ ಹೈ. ಟೆಂಪೋ ಖಡಾ ಹೈ," ಎಂದ ಮಂಟಪದವನು.

ಟೇಪ್‌ರೆಕಾರ್ಡರು ಆಗಲೇ ಪೆಟ್ಟಿಗೆ ಸೇರಿ ಶಾಲೆಗೆ ಹೊರಟುಹೋಗಿತ್ತು. ಇದನ್ನು ಮುದ್ರಿಸಿಡುವಂತಿರಲಿಲ್ಲ. ವಾಯರು ಕಿತ್ತರೆ ಎಲ್ಲ ಹೋಗುತ್ತದೆಂದು ನಮಗೆಲ್ಲರಿಗೂ ಗೊತ್ತಿತ್ತು.

"ಏಕ್ ಮಿನಿಟ್ ಭಾಯಿ," ಎಂದರು ಟೀಚರು. ನಮ್ಮನ್ನು ಒಬ್ಬೊಬ್ಬರನ್ನೇ ಹತ್ತಿರ ಕರೆದು, ಅವರವರ ಅಕ್ಷರದ ಮೇಲೆ ಬೆರಳಿಡಿಸಿದರು. ಗಾಜು ಬೆಚ್ಚಗಿತ್ತು, ಕೈಯ ರೋಮ ನಿಲ್ಲುತ್ತಿತ್ತು. ಎಲ್ಲರದೂ ಆದ ಮೇಲೆ, "ಹೂಂ, ಈಗ ವಡಾ ಆರ್ತಾವ, ಹೋಗ್ರಿ" ಎಂದು ತಾವೇ ವಾಯರು ಕಿತ್ತು, ಸುತ್ತಿ, ಅವನ ಕೈಗೆ ಕೊಟ್ಟರು.

ಬಾಗಿಲಲ್ಲಿ ಅಧ್ಯಕ್ಷರು ಎದುರಾದರು. "ಹ್ಞಾಂ... ಟೀಚರೇ, ಎಲ್ಲ ಲಾಯ್ಕ್ ಆಯ್ತು. ಕನ್ನಡವೂ ಲಾಯ್ಕ್ ಬಂತು," ಎಂದು ಬಾಯಿತುಂಬ ಹೇಳಿ ಕಾರು ಹತ್ತಿದರು. ಟೀಚರು ಕೈಮುಗಿದರು. ಕಾರು ತಿರುಗಿದ ಮೇಲೆ, "ನೋಡದ ಲಾಯ್ಕ್ ಅಂದ್ರು. ನೋಡಿದ್ರ ಏನಂತಿದ್ರೋ!" ಎಂದರು.

ಜೂನ್ ತಿಂಗಳಲ್ಲಿ ಕಂಪ್ಯೂಟರು ಮೇಲೆ ಹೋಯಿತು. ಲಾಯ್ಕ್ ಬಂದದ್ದಕ್ಕೋ, ಬಾರದ್ದಕ್ಕೋ ಯಾರೂ ಹೇಳಲಿಲ್ಲ. ಮೇಲಿನವರಿಗೆ ಹೆಡ್‌ಮಾಸ್ತರರ ಟಿವಿ ಸಿಗಲಿಲ್ಲವಾದ್ದರಿಂದ ಅದು ಅಲ್ಲಿಯ ಕಪಾಟಿನಲ್ಲೇ ಕೂತಿತು. ಟೀಚರು ಅದರ ಮಾತೆತ್ತಲಿಲ್ಲ. ನಾವು ಹತ್ತನೆಯದು ಮುಗಿಸಿ ಹೊರಬೀಳುವ ಹೊತ್ತಿಗೆ ಕನ್ನಡದ ಐದನೆಯ ಕ್ಲಾಸಿಗೆ ಸೇರಲು ಮಕ್ಕಳೇ ಇರಲಿಲ್ಲ. ಈಗ ಕೆಳಗಿನ ಮಾಳಿಗೆಯ ಮಕ್ಕಳಿಗೂ ಟೈ ಇದೆ.

ಫ್ಯಾಕ್ಸ್ ಬಂದ ಸಂಜೆ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಝ ಸಿಕ್ಕಳು. ಈಗ ಅವಳೂ ಅಪ್ಪನ ಹಾಗೆ ಬ್ಯಾಂಕಿನಲ್ಲಿದ್ದಾಳೆ. ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತು ಸಾಹೇಬರು ಮೇಜಿನ ಕೆಳಗೆ ಬಗ್ಗಿದ್ದನ್ನು ಮಾಡಿ ತೋರಿಸಿದೆ. ಈ ಭಾನುವಾರ ಪರೇಲಿಗೆ ಹೋಗಿ ಟೀಚರಿಗೂ ಇದನ್ನು ಮಾಡಿ ತೋರಿಸುತ್ತೇನೆ, ನೀನೂ ಬಾ ಎಂದೆ. ಅವಳ ನಗು ನಿಂತಿತು.

"ನಿಂಗೆ ಯಾರೂ ಹೇಳ್ಲಿಲ್ವಾ? ಟೀಚರ್ ಹೋಗ್ಬಿಟ್ರು ಕಣೋ... ಮಳೆಗಾಲದಲ್ಲಿ. ನಮ್ ತಂದೆ ಹೋಗಿ ಬಂದ್ರು."

ಏನು ಹೇಳಬೇಕೆಂದು ತೋಚದಾಗ ನಾನು ಯಾರದಾದರೂ ದನಿ ಮಾಡುತ್ತೇನೆ. ಅದು ನನ್ನ ಹಳೆಯ ರೋಗ. ಬಾಯಿ ತಾನಾಗಿ ತೆರೆಯಿತು. "ಯಾಕೋ ತಮ್ಮಾ..." ಎಂದೆ, ಟೀಚರ ದನಿಯಲ್ಲಿ. ಮುಂದಿನದು ಬರಲಿಲ್ಲ. ಮರೆತಿರಲಿಲ್ಲ. ಅವರ ಬೈಗುಳ, ಉಸಿರು, ನಡುವೆ ಮೂಗೇರಿಸುವುದು, ಎಲ್ಲ ಗಂಟಲಲ್ಲೇ ಇತ್ತು. ಆದರೆ ಇಷ್ಟು ದಿನ ಅವರ ದನಿ ಮಾಡಿದ್ದು ಅವರು ಕೇಳಿ ಬೈಯಲಿ ಎಂದು...

ಝ ನನ್ನ ಬ್ಯಾಗಿನ ಪಟ್ಟಿ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಬೊರಿವಲಿ ಫಾಸ್ಟ್ ಲೋಕಲ್ ಬಂತು. ಜನ ನುಗ್ಗಿದರು. ನಾವಿಬ್ಬರೂ ಏಳಲಿಲ್ಲ. ಅದು ಹೋಯಿತು.